ಪುಟ್ಟನ ರಾತ್ರಿ ಬಾಟಲಿ: ಮನೆ ಗ್ರೂಪಿನಲ್ಲಿ ನಡೆದ ಚರ್ಚೆ

ದೊಡ್ಡಮ್ಮ: *ಫಾರ್ವರ್ಡ್ ಮಾಡಲಾಗಿದೆ.* ಮಗು ರಾತ್ರಿಯಿಡೀ ನಿದ್ದೆ ಮಾಡಬೇಕೇ? ಮಲಗಿಸುವಾಗ ಬಾಟಲಿ ಹಾಲಿಗೆ ಎರಡು ಚಮಚ ರಾಗಿ ಹಿಟ್ಟು, ಒಂದು ಚಮಚ ಬೆಲ್ಲ ಬೆರೆಸಿ ಕುಡಿಸಿ. ಬೆಳಗಿನವರೆಗೂ ಏಳುವುದಿಲ್ಲ. ಎಲ್ಲ ತಾಯಂದಿರಿಗೂ ತಲುಪಿಸಿ.

ದೊಡ್ಡಮ್ಮ: ಪುಟ್ಟನ ಅಮ್ಮ ಇದನ್ನ ನೋಡಮ್ಮ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಿನ್ನ ಮುಖ ನೋಡಿ ಸಂಕಟ ಆಯ್ತು.

ಅತ್ತಿಗೆ: ನೋಡಿದೆ ದೊಡ್ಡಮ್ಮ. ರಾತ್ರಿ ಒಂದು ಗಂಟೆಗೆ ಒಂದು ಬಾಟಲಿ, ನಾಲ್ಕಕ್ಕೆ ಇನ್ನೊಂದು. ಎಂಟೂವರೆಗೆ ನಾನು ಆಫೀಸಿಗೆ ಹೊರಡಬೇಕು. ಇವತ್ತೇ ಮಾಡಿ ನೋಡುತ್ತೇನೆ.

ನಾನು: ಅತ್ತಿಗೆ, ಬೇಡ. ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ, ಇದೊಂದನ್ನ ಮಾತ್ರ ಮಾಡಿಸಬೇಡಿ. ನನ್ನ ಹಲ್ಲಿನ ಕ್ಲಿನಿಕ್ಕಿಗೆ ಎರಡು, ಮೂರು ವರ್ಷದ ಮಕ್ಕಳು ಬರುತ್ತಾರೆ. ತುಟಿ ಎತ್ತಿ ನೋಡಿದರೆ ಮೇಲಿನ ಮುಂದಿನ ನಾಲ್ಕು ಹಲ್ಲು ಒಸಡಿನ ಹತ್ತಿರ ಹಾಳಾಗಿರುತ್ತವೆ. ಮೊದಲು ಸುಣ್ಣದ ಬಣ್ಣದ ಗೆರೆ, ಆಮೇಲೆ ಕಂದು, ಕೊನೆಗೆ ಹಲ್ಲು ಮುರಿದು ಮೊಂಡಾಗುತ್ತೆ. ಕೆಳಗಿನ ಮುಂದಿನ ಹಲ್ಲು ಮಾತ್ರ ಚೆನ್ನಾಗಿರುತ್ತೆ. ಬಾಟಲಿ ಚೀಪುವಾಗ ನಾಲಿಗೆ ಅವನ್ನು ಮುಚ್ಚಿಕೊಂಡಿರುತ್ತೆ, ಅದಕ್ಕೆ. ಈ ಗುರುತು ಕಂಡರೆ ರಾತ್ರಿ ಬಾಟಲಿ ಬಗ್ಗೆಯೇ ನಾನು ಮೊದಲು ಕೇಳೋದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಗಾಗಿ ಹಾಲು ಹಲ್ಲಿನ ಮೇಲೇ ನಿಲ್ಲುತ್ತೆ. ಅದಕ್ಕೆ ಬೆಲ್ಲ ಬೇರೆ ಸೇರಿದರೆ ಕೇಳಲೇಬೇಡಿ. ಹಿಟ್ಟು ಹಾಕಿದ ಗಟ್ಟಿ ಹಾಲನ್ನು ಮಲಗಿಕೊಂಡು ಚೀಪಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ.

ಚಿಕ್ಕಪ್ಪ: ಹಾಲುಹಲ್ಲು ತಾನೆ? ಹೇಗೂ ಬೀಳುತ್ತೆ.

ನಾನು: ಮುಂದಿನವು ಬೀಳೋದು ಆರೇಳು ವರ್ಷಕ್ಕೆ ಚಿಕ್ಕಪ್ಪ. ದವಡೆಯವು ಹತ್ತು, ಹನ್ನೆರಡು ವರ್ಷದವರೆಗೂ ಬೇಕು. ಅಲ್ಲಿಯವರೆಗೆ ಅವನು ಅಗಿದು ತಿನ್ನೋದು ಬೇಡವಾ? ಹುಳುಕು ಜಾಸ್ತಿಯಾದರೆ ಇಷ್ಟು ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬೇಕಾಗಿ ಬರುತ್ತೆ.

ಚಿಕ್ಕಪ್ಪ: ಅಷ್ಟು ಕೆಟ್ಟದ್ದಾದರೆ ಬಾಟಲಿ ಅಂಗಡಿಯಲ್ಲಿ ಯಾಕೆ ಮಾರುತ್ತಾರೆ?

ನಾನು: ಮಾರಬಹುದು, ಆದರೆ ಜಾಹೀರಾತು ಕೊಡುವ ಹಾಗಿಲ್ಲ. 1992ರಲ್ಲೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಹಾಲಿನ ಪುಡಿ, ಬಾಟಲಿ ಎರಡಕ್ಕೂ ಅದು ಅನ್ವಯಿಸುತ್ತೆ.

ದೊಡ್ಡಮ್ಮ: ನಿಮ್ಮನ್ನೆಲ್ಲ ರಾಗಿ ಸರಿ ತಿನ್ನಿಸಿಯೇ ಬೆಳೆಸಿದ್ದು ಕಣೆ. ನಿನ್ನ ಹಲ್ಲಿಗೆ ಏನಾಯ್ತು?

ಅಮ್ಮ: ಅಕ್ಕ, ನಾವು ಕೊಟ್ಟಿದ್ದು ಒಳಲೆಯಲ್ಲಿ. ಅದೂ ಕಾಲ ಮೇಲೆ ಹಾಕಿಕೊಂಡು, ಹಗಲಲ್ಲಿ. ಬಾಯಿ ಒರೆಸಿ ಆಮೇಲೆ ತೊಟ್ಟಿಲಿಗೆ ಹಾಕುತ್ತಿದ್ದೆವು.

ನಾನು: ರಾಗಿ ಸರಿ ಮೇಲೆ ನನಗೇನೂ ತಕರಾರಿಲ್ಲ. ಸಂಜೆ ಏಳಕ್ಕೆ ಬಟ್ಟಲಿಗೆ ಹಾಕಿ ಚಮಚದಲ್ಲಿ ತಿನ್ನಿಸಿ, ತುಂಬಾ ಒಳ್ಳೆಯದು.

ಅಮೆರಿಕ ಅಕ್ಕ: ಇಲ್ಲಿ ಮಗುವನ್ನು ಬೇರೆ ರೂಮಲ್ಲಿ ಮಲಗಿಸಿ ಅಳೋಕೆ ಬಿಡುತ್ತಾರೆ. ನಾಲ್ಕು ದಿನ ಅಳುತ್ತೆ, ಆಮೇಲೆ ತಾನೇ ಮಲಗುತ್ತೆ. ನಾನೂ ಹಾಗೇ ಮಾಡಿದ್ದು. ನನ್ನ ಮಗಳು ಚೆನ್ನಾಗೇ ಇದ್ದಾಳೆ.

ಅಮ್ಮ: ಬಾಗಿಲು ಹಾಕಿ ಅಳಿಸೋದಾ? ನನ್ನ ಕೈಲಂತೂ ಆಗಲ್ಲ. ಅಕ್ಕಪಕ್ಕದವರು ಎದ್ದು ಬರುತ್ತಾರೆ.

ಅತ್ತಿಗೆ: ನನ್ನ ಕೈಲೂ ಆಗಲ್ಲ. ಆದರೆ ಬಾಟಲಿ ಕೊಡದಿದ್ದರೆ ಅವನು ಮಲಗೋದೇ ಇಲ್ಲ. ನಾನೇನು ಮಾಡಲಿ ಹೇಳಿ. ಎಲ್ಲರೂ ಬೇಡ ಬೇಡ ಅನ್ನುತ್ತೀರಿ, ಮಧ್ಯರಾತ್ರಿ ಏಳೋದು ನಾನೊಬ್ಬಳೇ.

ನಾನು: ನಿಮ್ಮ ಮಾತು ನೂರಕ್ಕೆ ನೂರು ನಿಜ ಅತ್ತಿಗೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಎಲ್ಲರೂ ಪೂರ್ತಿ ಓದಿ.

ಪುಟ್ಟನಿಗೆ ಒಂದೂವರೆ ವರ್ಷ ಆಯ್ತು, ತೂಕವೂ ಸರಿಯಾಗಿದೆ. ರಾತ್ರಿ ಅವನು ಏಳೋದು ಹಸಿವಿಗಲ್ಲ. ನಿದ್ದೆ ಮಧ್ಯೆ ನಮಗೆಲ್ಲ ಒಂದೆರಡು ಸಲ ಅರೆ ಎಚ್ಚರ ಆಗುತ್ತೆ. ದಿಂಬು ಜಾರಿದ್ದರೆ ತಡಕಿ ಎಳೆದುಕೊಂಡು ಮಲಗುತ್ತೇವೆ. ಅವನಿಗೆ ಆ ದಿಂಬು ಅಂದರೆ ಬಾಟಲಿ. ಒಂಬತ್ತಕ್ಕೆ ಅದನ್ನು ಚೀಪುತ್ತಾ ಮಲಗಿದವನಿಗೆ ಒಂದು ಗಂಟೆಗೂ ಅದೇ ಬೇಕು. ಹಾಗಾಗಿ ಮೊದಲು ಬದಲಾಗಬೇಕಾದ್ದು ಒಂಬತ್ತು ಗಂಟೆಯ ಬಾಟಲಿ.

ಊಟ ಆದಮೇಲೆ ಹಾಲು ಲೋಟದಲ್ಲಿ ಕೊಡಿ, ಹಾಲ್‌ನಲ್ಲಿ ಕೂರಿಸಿಕೊಂಡು, ಲೈಟ್ ಹಾಕಿಕೊಂಡೇ. ಆಮೇಲೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಹಲ್ಲುಜ್ಜಿ. ಅಲ್ಲಿಂದ ಬೆಳಿಗ್ಗೆವರೆಗೆ ನೀರು ಮಾತ್ರ ಅನ್ನೋದು ನಮ್ಮ ಗುರಿ. ಅಮ್ಮ ತಟ್ಟುತ್ತಾ ಹಾಡು ಹೇಳಲಿ. ಪ್ರತಿದಿನ ಅದೇ ಹಾಡು, ಅದೇ ಹೊದಿಕೆ.

ಆದರೆ ಮಧ್ಯರಾತ್ರಿಯ ಬಾಟಲಿಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಒಂದೊಂದು ಸಲಕ್ಕೆ 180 ಮಿಲಿ ಕುಡಿಯುತ್ತಾನಲ್ಲ, ಎರಡು ರಾತ್ರಿ 150 ಕೊಡಿ, ಆಮೇಲೆ 120. ಹೀಗೆ ಇಳಿಸುತ್ತಾ ಬನ್ನಿ. 60ಕ್ಕೆ ಬಂದಾಗ ಬಾಟಲಿ ಎತ್ತಿಟ್ಟು ಲೋಟದಲ್ಲಿ ಎರಡು ಗುಟುಕು ನೀರು ಕೊಡಿ. ಅಳುತ್ತಾನೆ. ಎತ್ತಿಕೊಳ್ಳಿ, ಬೆನ್ನು ಸವರಿ, ಪಕ್ಕದಲ್ಲೇ ಇರಿ. ಅಕ್ಕ, ನೀನು ಹೇಳಿದ ಹಾಗೆ ಬಾಗಿಲು ಹಾಕುವ ಅಗತ್ಯ ನಮಗಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿಯೂ ಬಾಟಲಿ ಬಿಡಿಸಬಹುದು. ನಿಧಾನ ಆಗುತ್ತೆ ಅಷ್ಟೇ.

ಇನ್ನೊಂದು ವಿಷಯ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಸುವಿನ ಹಾಲು ಬೇಡ. ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಸೇರಲ್ಲ, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರುತ್ತೆ. ಅವನು ಬೆಳಿಗ್ಗೆ ಇಡ್ಲಿ ಮುಟ್ಟಲ್ಲ ಅಂತ ಅಮ್ಮ ಕೊರಗುತ್ತಾರಲ್ಲ, ರಾತ್ರಿ 360 ಮಿಲಿ ಕುಡಿದವನಿಗೆ ಹಸಿವು ಎಲ್ಲಿಂದ ಬರಬೇಕು?

ಅಮ್ಮ: ಮಧ್ಯಾಹ್ನ ಐದು ಗಂಟೆವರೆಗೂ ಮಲಗಿರುತ್ತಾನೆ. ಅದೂ ತಪ್ಪಾ?

ನಾನು: ಮೂರೂವರೆಗೆ ಎಬ್ಬಿಸಿ ಅಮ್ಮ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಸಾಕು. ಹಗಲಲ್ಲಿ ಜಾಸ್ತಿ ಮಲಗಿದರೆ ರಾತ್ರಿ ಕಡಿಮೆಯಾಗುತ್ತೆ.

ಅಮೆರಿಕ ಅಕ್ಕ: ನೀನು ಹೇಳೋ ದಾರಿಯಲ್ಲಿ ಎರಡು ಮೂರು ವಾರ ಬೇಕು. ಅಷ್ಟು ದಿನ ಅವಳು ನಿದ್ದೆಗೆಡಬೇಕಾ?

ನಾನು: ಅವಳೊಬ್ಬಳೇ ಯಾಕೆ ಕೆಡಬೇಕು? ಅಣ್ಣ, ಎಲ್ಲ ಓದುತ್ತಿದ್ದೀಯ, ನೀಲಿ ಟಿಕ್ ಕಾಣುತ್ತಿದೆ. ಮಧ್ಯರಾತ್ರಿ ಏಳೋದು ಇನ್ನು ನಿನ್ನ ಕೆಲಸ. ಅತ್ತಿಗೆ ಅಮ್ಮನ ರೂಮಲ್ಲಿ ಮಲಗಲಿ. ಬಾಟಲಿ ಕೊಡುವ ಕೈ ಪಕ್ಕದಲ್ಲಿಲ್ಲದಿದ್ದರೆ ಅವನ ಹಟವೂ ಕಡಿಮೆ ಆಗುತ್ತೆ.

ಅಣ್ಣ: ಆಯ್ತು. ಶುಕ್ರವಾರದಿಂದ ಶುರು ಮಾಡುತ್ತೇನೆ. ಶನಿವಾರ, ಭಾನುವಾರ ರಜೆ ಇದೆ.

ದೊಡ್ಡಮ್ಮ: ಬೆಲ್ಲ ಬೇಡ ಅಂದಿದ್ದು ಒಪ್ಪಿದೆ. ಆದರೆ ಮಗು ಅತ್ತರೆ 60 ಮಿಲಿ ಜಾಸ್ತಿ ಕೊಟ್ಟರೆ ಏನೂ ಆಗಲ್ಲ ಅನ್ನೋದೇ ನನ್ನ ಮಾತು.

ನಾನು: ಜ್ವರ ಬಂದಾಗ, ಹುಷಾರಿಲ್ಲದಾಗ ಕೊಡೋಣ ದೊಡ್ಡಮ್ಮ. ಅತ್ತಾಗೆಲ್ಲ ಕೊಟ್ಟರೆ, ಜಾಸ್ತಿ ಅತ್ತರೆ ಸಿಗುತ್ತೆ ಅಂತ ಕಲಿಯುತ್ತಾನೆ.

ಅತ್ತಿಗೆ: *ಫೋಟೋ.* ತುಟಿ ಎತ್ತಿ ತೆಗೆದೆ. ಎಡಗಡೆ ಏನೋ ಬೆಳ್ಳಗೆ ಕಾಣುತ್ತಿದೆ. ಅದೇನಾ?

ನಾನು: ಅದೇ ಇರಬೇಕು, ಕಣ್ಣಾರೆ ನೋಡಬೇಕು. ಹೆದರಬೇಡಿ, ಬಿಳಿ ಇರುವಾಗಲೇ ತಡೆಯಬಹುದು. ಶನಿವಾರ ಕರೆದುಕೊಂಡು ಬನ್ನಿ, ಹಲ್ಲಿಗೆ ಫ್ಲೋರೈಡ್ ಲೇಪ (ವಾರ್ನಿಶ್) ಹಚ್ಚುತ್ತೇನೆ. ಮತ್ತೆ ಅಣ್ಣ, ಶುಕ್ರವಾರದವರೆಗೆ ಕಾಯಬೇಡ, ಇವತ್ತೇ 150 ಮಾಡು.