ಸಹಾಯ ಬೇಕು: ಕ್ಯಾನ್ಸರ್ ಜೆನೆಟಿಕ್ಸ್ ಪೇಪರ್‌ಗಳ ಸೈಟೇಷನ್ ಲೆಕ್ಕ ಹೇಗೆ ಹಾಕೋದು?

ಎಲ್ರಿಗೂ ನಮಸ್ಕಾರ, ನಾನು ಶಿವಮೊಗ್ಗದಲ್ಲಿ ಲೈಬ್ರರಿ ಕೆಲಸದಲ್ಲಿದೀನಿ. ಸ್ತನ ಕ್ಯಾನ್ಸರ್‌ಗೆ ಸಂಬಂಧಪಟ್ಟ ಬಿಆರ್‌ಸಿಎ1 ಜೀನ್ ಮೇಲೆ ವರ್ಷಗಟ್ಲೆ ಕೆಲಸ ಮಾಡಿರೋ ನಮ್ಮ ಮೇಡಂ ಒಬ್ರ ಗ್ರಾಂಟ್ ಅರ್ಜಿಗೆ ಸೈಟೇಷನ್ ರಿಪೋರ್ಟ್ (ಅವರ ಪೇಪರ್‌ಗಳನ್ನ ಬೇರೆಯವ್ರು ಎಷ್ಟು ಸಲ ಉಲ್ಲೇಖ ಮಾಡಿದಾರೆ ಅನ್ನೋ ಲೆಕ್ಕ) ಬೇಕು. ಗೂಗಲ್ ಸ್ಕಾಲರ್ ಥೀಸಿಸ್ಸು, ಪ್ರಿಪ್ರಿಂಟು (ಜರ್ನಲ್‌ನ ಪರಿಶೀಲನೆಗೆ ಮುಂಚೆನೇ ಹಾಕೋ ಪ್ರತಿ) ಎಲ್ಲಾ ಎಣಿಸತ್ತೆ, ಆಯ್ದ ಜರ್ನಲ್‌ಗಳ ಡೇಟಾಬೇಸ್ ಆಗಿರೋ ಸ್ಕೋಪಸ್ ಲೆಕ್ಕ ಕಮ್ಮಿ ಬರತ್ತೆ, ಅದು ಸರಿ, ಆದ್ರೆ ಅವರ ಇನಿಷಿಯಲ್ ಕೆಲವು ಪೇಪರಲ್ಲಿ ಹೆಸರಿನ ಮುಂದೆ ಕೆಲವದರಲ್ಲಿ ಹಿಂದೆ ಇರೋದ್ರಿಂದ ಒಂದು ಡೇಟಾಬೇಸಲ್ಲಿ ಎರಡು ಪ್ರೊಫೈಲ್ ಆಗ್ಬಿಟ್ಟಿದೆ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಹೇಳಿದ ಎಚ್-ಇಂಡೆಕ್ಸ್ (ಇದು 10 ಅಂದ್ರೆ, ಕನಿಷ್ಠ 10 ಸಲ ಉಲ್ಲೇಖ ಆಗಿರೋ ಪೇಪರ್ 10 ಇವೆ ಅಂತ) ಒಂದೇ ಕೊಟ್ರೆ ನೂರಾರು ಜನ ಸೇರಿ ಬರೆದ ಜೀನೋಮ್ ಪೇಪರ್‌ಗೂ, ಇವರು ತೀರ್ಥಹಳ್ಳಿ ಕಡೆ ಮನೆಮನೆ ತಿರುಗಿ ವಂಶಾವಳಿ ಬರ್ಕೊಂಡು ಮಾಡಿದ ಪೇಪರ್‌ಗೂ ವ್ಯತ್ಯಾಸನೇ ಕಾಣಲ್ಲ, ಅದು ನ್ಯಾಯ ಅಲ್ಲ. ಪಬ್‌ಮೆಡ್ ಅನ್ನೋ ವೈದ್ಯಕೀಯ ಪೇಪರ್‌ಗಳ ಡೇಟಾಬೇಸಲ್ಲಿರೋ ಪೇಪರ್‌ಗಳಿಗೆ, ಅಮೆರಿಕದ ಎನ್‌ಐಎಚ್‌ನ ಐಸೈಟ್ ವೆಬ್‌ಸೈಟಲ್ಲಿ ಸಿಗೋ ಆರ್‌ಸಿಆರ್ (ರಿಲೇಟಿವ್ ಸೈಟೇಷನ್ ರೇಷಿಯೋ) ಅದೇ ಫೀಲ್ಡಿನ ಪೇಪರ್‌ಗಳ ಜೊತೆ ಹೋಲಿಸತ್ತಲ್ಲ, ಅದನ್ನೂ ಸೇರಿಸಿದ್ರೆ ಕಮಿಟಿಯವ್ರು ಒಪ್ತಾರಾ? ಪ್ರೊಫೈಲ್ ಎರಡನ್ನ ಒಂದು ಮಾಡ್ಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ಹೇಳಿ, ಆರ್ಕಿಡ್ ಐಡಿ (ಒಬ್ಬೊಬ್ಬ ಸಂಶೋಧಕರಿಗೂ ಸಿಗೋ ಬೇರೆ ಬೇರೆ ಗುರುತಿನ ನಂಬರು) ಮಾಡ್ಸಾಗಿದೆ.