ಷಡ್ಭುಜವೆಲ್ಲ ಚಪ್ಪಟೆಯಲ್ಲ ಅಂತ ತೋರಿಸೋಕೆ ಯಾವ ತಂತ್ರಾಂಶ? (ನೆಟ್ ಇಲ್ಲದೆ ನಡೆಯಬೇಕು)

ಪ್ರಶ್ನೆ:
ವಿರಾಜಪೇಟೆ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡ್ತೀನಿ. ಹೋದ ವಾರ ಬೆಂಜೀನ್, ಸೈಕ್ಲೊಹೆಕ್ಸೇನ್ ಅನ್ನೋ ಆರು ಇಂಗಾಲದ ಉಂಗುರಗಳೆರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, "ಎರಡನೆಯದು ಕುರ್ಚಿ ಥರ ಮಡಚಿಕೊಂಡಿರುತ್ತೆ" ಅಂದೆ. ಹಿಂದಿನ ಬೆಂಚಿನ ಹುಡುಗಿ, "ಕುರ್ಚಿ ಎಲ್ಲಿದೆ ಮೇಡಂ?" ಅಂದಳು. ಹಾಳೆ ಮಡಚಿ ತೋರಿಸಿದೆ. ತಲೆಯಾಡಿಸಿದಳು, ಆದರೆ ಅರ್ಥವಾಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗ್ತಿತ್ತು. ಅದು ಮನಸ್ಸಲ್ಲೇ ಕೂತಿದೆ.

ಲ್ಯಾಬಿನಲ್ಲಿರೋದು 4 ಜಿಬಿ ರ‍್ಯಾಮಿನ ಎರಡು ಹಳೇ ವಿಂಡೋಸ್ ಕಂಪ್ಯೂಟರ್. ಕಕ್ಕಡ (ಜೋರು ಮಳೆಯ ಕೊಡವ ತಿಂಗಳು) ಮುಗಿಯೋವರೆಗೆ ನೆಟ್ ನಂಬೋ ಹಾಗಿಲ್ಲ. ಅಣುಗಳನ್ನು ಮೂರು ಆಯಾಮದಲ್ಲಿ ತೋರಿಸೋ ಪೈಮಾಲ್ ತಂತ್ರಾಂಶ ಹಾಕಿಕೊಳ್ಳಲಾ?

ಉತ್ತರ 1:
ಪೈಮಾಲ್ ಪ್ರೋಟೀನುಗಳಿಗೆ ಚೆನ್ನ. ನಿಮಗೆ ಅಣುಗಳನ್ನು ಬರೆದು ತಿರುಗಿಸಿ ನೋಡೋ ಅವೊಗಾಡ್ರೊ ತಂತ್ರಾಂಶ ಸಾಕು, ಉಚಿತ. ಸೈಕ್ಲೊಹೆಕ್ಸೇನನ್ನು ಕೈಯಲ್ಲೇ ಚಪ್ಪಟೆಯಾಗಿ ಬರೆದು 'ಆಪ್ಟಿಮೈಸ್ ಜಿಯೋಮೆಟ್ರಿ' ಒತ್ತಿ. 120 ಡಿಗ್ರಿಯಲ್ಲಿ ಹಿಗ್ಗಿದ ಕೋನಗಳು 109.5ರ ಕಡೆಗೆ ಬರುವಾಗ ಉಂಗುರ ಮಕ್ಕಳ ಕಣ್ಣೆದುರೇ ಮಡಚಿಕೊಳ್ಳುತ್ತೆ. ಕೆಲವು ಸಲ ಕುರ್ಚಿಯಾಗದೆ ತಿರುಚಿದ ದೋಣಿಯಂಥ ಇನ್ನೊಂದು ಆಕಾರದಲ್ಲೇ ನಿಂತುಬಿಡುತ್ತೆ. ಒಂದು ಇಂಗಾಲವನ್ನು ಎಳೆದು ಮತ್ತೆ ಒತ್ತಿ.

ಉತ್ತರ 2 (ಊರು ನಾಪೋಕ್ಲು, ಈಗ ಮೈಸೂರು):
ಮೇಡಂ, ಕರಿಮೆಣಸಿನಿಂದ ಶುರು ಮಾಡಿ. ಖಾರ ಕೊಡೋ ಪೈಪರಿನ್‌ನ ಒಂದು ತುದಿಯಲ್ಲಿ ಬೆಂಜೀನ್ ಉಂಗುರ, ಇನ್ನೊಂದು ತುದಿಯಲ್ಲಿ ಸಾರಜನಕ ಸೇರಿದ ಆರರ ಉಂಗುರ. ಬೋರ್ಡಿನ ಮೇಲೆ ಎರಡೂ ಷಡ್ಭುಜವೇ. ತಿರುಗಿಸಿ ಅಡ್ಡದಿಂದ ನೋಡಿದರೆ ಒಂದು ತಟ್ಟೆ, ಇನ್ನೊಂದು ಕುರ್ಚಿ! ಒಂದೇ ಅಣುವಿನಲ್ಲಿ ನಿಮ್ಮ ಇಡೀ ಪಾಠ ಇದೆ. ನೆಟ್ ಇದ್ದಾಗ ಪಬ್‌ಕೆಮ್ ಅನ್ನೋ ಉಚಿತ ಅಣುಗಳ ಜಾಲತಾಣದಿಂದ ಅದರ ತ್ರಿಆಯಾಮದ ಎಸ್‌ಡಿಎಫ್ ಫೈಲು (ಅಣುವಿನ ರಚನೆ ಇರೋ ಫೈಲು) ಇಳಿಸಿ ಪೆನ್‌ಡ್ರೈವಿಗೆ ಹಾಕಿ. ಜೆಮೋಲ್ ಅನ್ನೋ ಇನ್ನೊಂದು ತಂತ್ರಾಂಶ ಕೂಡ ಅದನ್ನು ತೆರೆಯುತ್ತೆ, ಆದರೆ ಕಂಪ್ಯೂಟರಿನಲ್ಲಿ ಜಾವಾ ಇರಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಮಾಡಿದೆ. ಮೌಸ್ ಆ ಹಿಂದಿನ ಬೆಂಚಿನ ಹುಡುಗಿಯ ಕೈಗೇ ಕೊಟ್ಟೆ. ಪೈಪರಿನ್ ತಿರುಗಿಸ್ತಾ ತಿರುಗಿಸ್ತಾ ಅಡ್ಡಕ್ಕೆ ಬಂದ ಕೂಡಲೇ ತಾನಾಗೇ ನಿಲ್ಲಿಸಿ, "ಇಲ್ಲಿದೆ ಮೇಡಂ" ಅಂದಳು. ಉಂಗುರದ ಸಾಲಾಗಿರೋ ನಾಲ್ಕು ಪರಮಾಣು ಹಿಡಿದು ತಿರುಚು ಕೋನ (ಉಂಗುರ ಎಷ್ಟು ತಿರುಚಿದೆ ಅನ್ನೋ ಅಳತೆ) ಅಳೆಸಿದೆ: ಬೆಂಜೀನ್ ಕಡೆ ಸೊನ್ನೆಯ ಹತ್ತಿರ, ಕುರ್ಚಿಯ ಕಡೆ ಸುಮಾರು 55 ಡಿಗ್ರಿ. ಪೀರಿಯಡ್ ಮುಗಿದರೂ ಮಕ್ಕಳು ಏಳಲಿಲ್ಲ, ಕಾಫಿಯದ್ದೂ ನೋಡಬೇಕು ಅಂದರು. ಕೆಫೀನ್‌ನ ಎರಡು ಉಂಗುರವೂ ಚಪ್ಪಟೆ, ಮೀಥೈಲ್ (CH₃) ಗುಂಪುಗಳ ಹೈಡ್ರೋಜನ್ ಮಾತ್ರ ಆಚೀಚೆ ಚಾಚಿಕೊಂಡಿದೆ.

ಈಗ ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿ) ಆಮ್ಲ ಬೇಕಂತೆ. ಅದರಲ್ಲಿರೋ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಎರಡು ಕೈರಲ್ ಇಂಗಾಲ (ನಾಲ್ಕು ಬೇರೆ ಬೇರೆ ಗುಂಪು ಸೇರಿದ ಇಂಗಾಲ) ಇವೆ. ಅದನ್ನೂ ಅದರ ಕನ್ನಡಿ ಬಿಂಬವನ್ನೂ ಒಂದೇ ಪರದೆಯಲ್ಲಿ ಪಕ್ಕಪಕ್ಕ ಇಡೋದು ಹೇಗೆ, ಯಾರಾದರೂ ಹೇಳ್ತೀರಾ?