ಕೊಳವೆ ಬಾವಿಯಲ್ಲಿ ನೈಟ್ರೇಟ್: ಬಾವಿಯ ಸುತ್ತಲಿನ ನೆಲವನ್ನು ನೋಡೋಣ

ಸಂಘದ ಕಾರ್ಯದರ್ಶಿ:
ಮಾನ್ಯರೇ, ನಮ್ಮ ಎರಡೂ ಕೊಳವೆ ಬಾವಿಗಳ ಪರೀಕ್ಷಾ ವರದಿ ಬಂದಿದೆ. ಉದ್ಯಾನದ ಬಾವಿಯ ನೀರಿನಲ್ಲಿ ದೋಷವಿಲ್ಲ. ಖಾಲಿ ನಿವೇಶನಗಳ ಬದಿಯ ಬಾವಿಯಲ್ಲಿ ನೈಟ್ರೇಟ್ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 50 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಉಪ್ಪಿನಲ್ಲಿರುವ ಅಂಶವಾದ ಕ್ಲೋರೈಡ್ ಕೂಡ ಏರಿದೆ. ನೈಟ್ರೇಟ್ ಹೆಚ್ಚಿರುವ ನೀರು ಹಸುಗೂಸುಗಳ ರಕ್ತವು ಆಮ್ಲಜನಕ ಒಯ್ಯುವುದಕ್ಕೆ ಅಡ್ಡಿ ಮಾಡುವುದರಿಂದ, ಮಗುವಿನ ಹಾಲಿನ ಪುಡಿ ಕಲಸಲು ಅದನ್ನು ದಯವಿಟ್ಟು ಬಳಸಬೇಡಿ. ಕುದಿಸುವುದರಿಂದ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ:
ಆ ಬಾವಿಯನ್ನು ಮುಚ್ಚಿಸಿ, ಇನ್ನೂ ಆಳಕ್ಕೆ ಹೊಸದನ್ನು ಕೊರೆಸಬಾರದೇಕೆ?

ನಿವೃತ್ತ ಭೂವಿಜ್ಞಾನಿ, ಎರಡನೇ ಅಡ್ಡರಸ್ತೆ:
ಆಳಕ್ಕೆ ಹೋದರೆ ನೀರು ಶುದ್ಧವಾಗಿರುತ್ತದೆ ಎಂಬ ನಂಬಿಕೆ ಗಟ್ಟಿ ಬಂಡೆಯ ನೆಲದಲ್ಲಿ ಸುಳ್ಳಾಗುವುದೇ ಹೆಚ್ಚು, ಏಕೆಂದರೆ ಅಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಹರಿಯುತ್ತದೆ, ಮಣ್ಣಿನ ಪದರದಲ್ಲಿ ಸಿಗುವ ಸೋಸುವಿಕೆ ಬಿರುಕಿನಲ್ಲಿ ಸಿಗುವುದಿಲ್ಲ. ನಿನ್ನೆ ಸಂಜೆ ಬಾವಿಯ ಬಳಿ ಹೋಗಿದ್ದೆ. ಕೇಸಿಂಗ್ ಪೈಪಿನ (ಬಾವಿಯ ಮೇಲ್ಭಾಗಕ್ಕೆ ಇಳಿಸಿರುವ ಹೊರಕೊಳವೆಯ) ಸುತ್ತಲಿನ ಸಿಮೆಂಟ್ ಕಟ್ಟೆ ಸೀಳಿದೆ; ಕಾರು ತೊಳೆದ ಸೋಪಿನ ನೀರು ಅಲ್ಲೇ ನಿಂತು, ನಾನು ನೋಡುತ್ತಿದ್ದಂತೆಯೇ ಆ ಸೀಳಿನೊಳಗೆ ಇಳಿಯುತ್ತಿತ್ತು. ಇಂಥ ಬಾವಿಯನ್ನು ಎಷ್ಟು ಆಳಕ್ಕೆ ಕೊರೆದರೂ ಅದು ಮೇಲಿನ ಕೊಳೆಯನ್ನು ಕೆಳಗಿಳಿಸುವ ಕೊಳವೆಯೇ ಆಗುತ್ತದೆ.

ನೈಟ್ರೇಟ್ ಎಲ್ಲಿಂದ ಬಂತು ಎಂಬುದು ಮುಖ್ಯ ಪ್ರಶ್ನೆ. ಶೌಚದ ನೀರಿನಲ್ಲಿರುವ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೇಡಿಮಣ್ಣಿನ ಕಣಗಳಂತೆ ನೈಟ್ರೇಟಿಗೂ ಋಣ ವಿದ್ಯುದಂಶವಿರುವುದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಮಳೆಯೊಂದಿಗೆ ಅದು ನೇರವಾಗಿ ಕೆಳಗಿಳಿಯುತ್ತದೆ. ಕ್ಲೋರೈಡ್ ಸಹ ಏರಿರುವುದು ಶೌಚದ ನೀರಿನತ್ತ ಬೊಟ್ಟು ಮಾಡುತ್ತದೆಯಾದರೂ ಅಷ್ಟರಿಂದಲೇ ತೀರ್ಮಾನಕ್ಕೆ ಬರುವುದು ಆತುರವಾದೀತು. ಬಡಾವಣೆಯಾಗುವ ಮೊದಲು ಇದು ಹೊಲವಾಗಿತ್ತು. ಯೂರಿಯಾದಿಂದ ನೈಟ್ರೇಟ್, ಪೊಟ್ಯಾಷ್ ಗೊಬ್ಬರದಿಂದ ಕ್ಲೋರೈಡ್ ಉಳಿದಿರಬಹುದು, ಮತ್ತು ಅಂಥ ಉಳಿಕೆ ದಶಕಗಳ ಕಾಲ ಕೆಳಗಿಳಿಯುತ್ತಲೇ ಇರಬಲ್ಲದು. ಆದ್ದರಿಂದ ಮಲದಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಮಳೆಗೆ ಮೊದಲು ಒಮ್ಮೆ, ಮಳೆಯ ನಂತರ ಒಮ್ಮೆ ಮಾಡಿಸಬೇಕು. 100 ಮಿಲಿಲೀಟರ್ ನೀರಿನಲ್ಲಿ ಅದು ಕಂಡುಬಂದರೆ ಮನುಷ್ಯರದೋ ಪ್ರಾಣಿಗಳದೋ ಮಲದ ಕೊಳೆ ಬಾವಿಗೆ ಸೇರುತ್ತಿದೆಯೆಂದು ಹೇಳಬಹುದು.

ಬಾವಿಗೆ ಹೊಂದಿಕೊಂಡ ಮನೆಯವರು:
ನಮ್ಮ ಮನೆಯ ಶೌಚದ ಗುಂಡಿ ಬಾವಿಯಿಂದ ಹತ್ತು ಹೆಜ್ಜೆಯಷ್ಟೇ ದೂರದಲ್ಲಿದೆ. ಕಟ್ಟಿಸುವಾಗ ನಮಗೆ ಇದು ಹೊಳೆಯಲಿಲ್ಲ, ಬಹಳ ಬೇಸರವಾಗಿದೆ. ಒಳಚರಂಡಿಗೆ ಸಂಪರ್ಕ ಕೊಡಿಸಲು ನಾವು ಸಿದ್ಧರಿದ್ದೇವೆ.

ಮೊದಲನೇ ಅಡ್ಡರಸ್ತೆಯ ನಿವಾಸಿ:
ತಮ್ಮೊಬ್ಬರದೇ ತಪ್ಪೆಂದು ಯಾರೂ ಭಾವಿಸುವುದಿಲ್ಲ. ಖಾಲಿ ನಿವೇಶನದಲ್ಲಿ ನಾವೆಲ್ಲರೂ ಕಸ ಸುರಿದಿದ್ದೇವೆ; ಮಳೆ ಬಂದ ಮರುದಿನ ಅಲ್ಲಿಂದ ಕಪ್ಪು ನೀರು ಒಸರುವುದನ್ನು ನಾನೇ ಕಂಡಿದ್ದೇನೆ. ಇದಲ್ಲದೆ ವಾಹನ ನಿಲ್ಲಿಸುವ ಜಾಗದ ಎಣ್ಣೆ ಬೆರೆತ ನೀರನ್ನೂ ಮಳೆನೀರಿನ ಇಂಗುಗುಂಡಿಗೇ ಬಿಟ್ಟಿದ್ದೇವೆ. ಅದಕ್ಕೆ ಚಾವಣಿಯ ನೀರು ಮಾತ್ರ ಹೋಗಬೇಕು.

ಸಂಘದ ಕಾರ್ಯದರ್ಶಿ:
ಹಾಗಾದರೆ ಹೊಸ ಬಾವಿಯ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಕಟ್ಟೆಯ ದುರಸ್ತಿ ಈ ವಾರವೇ ಆಗಲಿ. ಇಂಗುಗುಂಡಿಗೆ ಸೇರುವ ಎಣ್ಣೆ ನೀರಿನ ಪೈಪನ್ನು ನಾಳೆಯೇ ಮುಚ್ಚಿಸುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬಾವಿಯ ಬಳಿ ಸೇರಿ, ಸುತ್ತಲಿನ ಪ್ರತಿಯೊಂದು ಗುಂಡಿ, ಚರಂಡಿ ಮತ್ತು ಕಸದ ರಾಶಿಯನ್ನು ನಕ್ಷೆಯಲ್ಲಿ ಗುರುತಿಸೋಣ. ಅಳತೆ ಪಟ್ಟಿ ಇರುವವರು ದಯವಿಟ್ಟು ತನ್ನಿ.